ಹದಿನಾರರ ಹುಡುಗಿ ಬರೆದ ಬೀದಿಹುಡುಗರ ಕಥೆ

1966ರಲ್ಲಿ ಅಮೆರಿಕದ ಟಲ್ಸಾ ನಗರದ ವಿಲ್ ರೋಜರ್ಸ್ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಪ್ರಮಾಣಪತ್ರ ಪಡೆದು ಹೊರಬೀಳುವ ದಿನ. ಅದೇ ದಿನ ಅವರಲ್ಲೊಬ್ಬಳಾದ ಸೂಸನ್ ಎಲೊಯಿಸ್ ಹಿಂಟನ್‌ಗೆ ನ್ಯೂಯಾರ್ಕಿನ ವೈಕಿಂಗ್ ಪ್ರೆಸ್ಸಿನಿಂದ ಕರಾರು ಪತ್ರ ಬಂತು. ಅವಳು ಬರೆದ ಕಾದಂಬರಿಯನ್ನು ಅಚ್ಚು ಹಾಕಲು ಅವರು ಒಪ್ಪಿದ್ದರು. ಅವಳಿಗಿನ್ನೂ ಹದಿನೇಳು.

ಮುಂದಿನ ವರ್ಷ ಏಪ್ರಿಲ್ 24ರಂದು ‘ದಿ ಔಟ್‌ಸೈಡರ್ಸ್’ ಹೊರಬಂದಾಗ ಮುಖಪುಟದಲ್ಲಿ ಸೂಸನ್ ಎಂಬ ಹೆಸರೇ ಇರಲಿಲ್ಲ. ಇದ್ದದ್ದು ‘ಎಸ್. ಇ. ಹಿಂಟನ್’. ಚಾಕು ಇಟ್ಟುಕೊಂಡು ಓಡಾಡುವ, ಗುಂಪು ಕಟ್ಟಿಕೊಂಡು ಹೊಡೆದಾಡುವ ಹುಡುಗರ ಕಥೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದು ಗೊತ್ತಾದರೆ ವಿಮರ್ಶಕರು ಓದುವ ಮೊದಲೇ ಮೂಗು ಮುರಿದಾರು ಎಂಬ ಅಳುಕು ಪ್ರಕಾಶಕರದ್ದು. ಆ ಉಪಾಯ ಚೆನ್ನಾಗಿಯೇ ಫಲಿಸಿತು. ಲೇಖಕ ಗಂಡಸೆಂದೇ ನಂಬಿ ಓದಿದವರು ಬಹಳ ಮಂದಿ.

ಇಂದು ದೊಡ್ಡ ಪುಸ್ತಕದಂಗಡಿಗೆ ಹೋದರೆ ಮಕ್ಕಳ ಪುಸ್ತಕಗಳಿಗೂ ದೊಡ್ಡವರ ಕಾದಂಬರಿಗಳಿಗೂ ನಡುವೆ ‘ಯಂಗ್ ಅಡಲ್ಟ್’ ಎಂದು ಬರೆದ ಕಪಾಟು ಕಾಣುತ್ತದೆ. ಹನ್ನೆರಡರಿಂದ ಹದಿನೆಂಟರವರೆಗಿನ ಓದುಗರನ್ನು ಕಣ್ಣಮುಂದೆ ಇಟ್ಟುಕೊಂಡ ಸಾಹಿತ್ಯ ಅದು. ಆ ಕಪಾಟಿನ ಚರಿತ್ರೆ ಬರೆಯುವವರು ಹಿಂಟನ್ ಹೆಸರನ್ನು ದಾಟಿ ಮುಂದೆ ಹೋಗುವುದಿಲ್ಲ. ಆದರೆ ಅದನ್ನು ಅವರೊಬ್ಬರೇ ಕಟ್ಟಿದರೆನ್ನುವುದು ಅರ್ಧ ಸತ್ಯ. ಪುಸ್ತಕ ಬರೆದದ್ದು ಹಿಂಟನ್. ಅದನ್ನು ಉಳಿಸಿ ಬೆಳೆಸಿದವರು ಊರೂರಿನ ಮೇಷ್ಟರು, ಗ್ರಂಥಪಾಲಕರು ಮತ್ತು ಶಾಲೆಯ ಮಕ್ಕಳು.

ಎಣ್ಣೆಯ ಊರಿನ ಎರಡು ಪಂಗಡ

ಟಲ್ಸಾ ಇರುವುದು ಒಕ್ಲಹೋಮ ರಾಜ್ಯದಲ್ಲಿ, ಅರ್ಕನ್ಸಾ ನದಿಯ ದಂಡೆಯ ಮೇಲೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುತ್ತಮುತ್ತ ಕಚ್ಚಾ ಎಣ್ಣೆ ಸಿಕ್ಕಿದ್ದರಿಂದ ದಿಢೀರನೆ ಬೆಳೆದ ಊರು. ಎಣ್ಣೆಯಲ್ಲಿ ದುಡ್ಡು ಮಾಡಿದವರ ಬಂಗಲೆಗಳು ಒಂದು ಕಡೆ, ದಿನಗೂಲಿಯವರ ಮರದ ಮನೆಗಳು ಇನ್ನೊಂದು ಕಡೆ. ಹಿಂಟನ್ ಹುಟ್ಟಿದ್ದು ಇಲ್ಲೇ, 1948ರ ಜುಲೈ 22ರಂದು. ಓದಿದ ಶಾಲೆಯಲ್ಲೂ ಈ ಎರಡು ಪಂಗಡ ಎದ್ದು ಕಾಣುತ್ತಿತ್ತು. ಉಳ್ಳವರ ಮನೆಯ ಮಕ್ಕಳಿಗೆ ‘ಸೋಶ್’ ಎಂಬ ಹೆಸರು. ಕೂದಲು ಉದ್ದ ಬಿಟ್ಟು ಎಣ್ಣೆ ಬಳಿದು ಬಾಚಿಕೊಳ್ಳುವ ಬಡ ಹುಡುಗರು ‘ಗ್ರೀಸರ್’ಗಳು. ಯಾರು ಯಾವ ಬಾಗಿಲಿನಿಂದ ಒಳಗೆ ಬರಬೇಕು, ಎಲ್ಲಿ ಕೂರಬೇಕು ಎಂಬುದೂ ಪಂಗಡದ ಲೆಕ್ಕದಲ್ಲೇ ತೀರ್ಮಾನವಾಗುತ್ತಿದ್ದ ಕಾಲ.

ಸೂಸನ್ ಯಾವ ಪಂಗಡಕ್ಕೂ ಪೂರ್ತಿ ಸೇರಿದವಳಲ್ಲ. ಹುಡುಗಿಯರ ಗುಂಪಿಗಿಂತ ಕುದುರೆ, ಪುಸ್ತಕ ಮತ್ತು ಬೀದಿಯ ಹುಡುಗರ ಜತೆಯೇ ಅವಳಿಗೆ ಹೆಚ್ಚು ಹೊಂದಿಕೆ. ಅವಳ ಗೆಳೆಯನೊಬ್ಬ ಸಿನಿಮಾ ನೋಡಿ ಮನೆಗೆ ನಡೆದು ಬರುವಾಗ ಅವನನ್ನು ಅಡ್ಡಗಟ್ಟಿ ಹೊಡೆದರು. ಅವನು ಗ್ರೀಸರ್ ಎನ್ನುವುದಷ್ಟೇ ಕಾರಣ. ಸಿಟ್ಟು ತಡೆಯಲಾರದೆ ಅವಳು ಬರೆಯಲು ಕುಳಿತಳು. ಆಗ ವಯಸ್ಸು ಹದಿನೈದು.

ಮೂರನೇ ಕ್ಲಾಸಿನಿಂದಲೂ ಬರೆಯುತ್ತಿದ್ದವಳಿಗೆ ಇದು ಮೊದಲ ಪ್ರಯತ್ನವೇನಲ್ಲ. ಆದರೆ ಈ ಬಾರಿ ಕಥೆ ಕೈಬಿಡಲಿಲ್ಲ. ನಲವತ್ತು ಪುಟಗಳಷ್ಟಿದ್ದ ಮೊದಲ ಕರಡನ್ನು ತಿದ್ದುತ್ತಾ, ಪಾತ್ರಗಳನ್ನು ಬೆಳೆಸುತ್ತಾ, ಮತ್ತೆ ಮತ್ತೆ ಟೈಪು ಮಾಡುತ್ತಾ ಹೋದಳು. ಬಹುಪಾಲು ಕೆಲಸ ನಡೆದದ್ದು ಹದಿನಾರನೇ ವಯಸ್ಸಿನಲ್ಲಿ. ಅದೇ ಹೊತ್ತಿಗೆ ತಂದೆ ಗ್ರೇಡಿ ಹಿಂಟನ್ ಮಿದುಳಿನ ಗಡ್ಡೆಯಿಂದ ಹಾಸಿಗೆ ಹಿಡಿದರು. ಪುಸ್ತಕ ನೋಡಲು ಅವರು ಉಳಿಯಲಿಲ್ಲ. ಅದೇ ವರ್ಷ ಶಾಲೆಯ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಅವಳಿಗೆ ಬಂದದ್ದು ‘ಡಿ’ ಗ್ರೇಡು, ಪಾಸಿನ ಗೆರೆಗೆ ತಾಗಿಕೊಂಡ ಅಂಕ. ಮುಂದೆ ಅಮೆರಿಕದ ಸಾವಿರಾರು ಶಾಲೆಗಳಲ್ಲಿ ಪಠ್ಯವಾಗಲಿದ್ದ ಕಾದಂಬರಿ ಮನೆಯ ಮೇಜಿನ ಮೇಲೆ ತಯಾರಾಗುತ್ತಿದ್ದಾಗ ತರಗತಿಯ ಲೆಕ್ಕ ಹೀಗಿತ್ತು.

ಹಸ್ತಪ್ರತಿ ನ್ಯೂಯಾರ್ಕ್ ತಲುಪಿದ ದಾರಿಯೂ ಸರಳವೇ. ಗೆಳತಿಯೊಬ್ಬಳ ತಾಯಿ ಮಕ್ಕಳಿಗಾಗಿ ಬರೆಯುತ್ತಿದ್ದರು. ಅವರು ಓದಿ ಮೆಚ್ಚಿದ್ದರಿಂದ ಕರ್ಟಿಸ್ ಬ್ರೌನ್ ಸಂಸ್ಥೆಯ ಏಜೆಂಟ್ ಮೆರಿಲಿನ್ ಮಾರ್ಲೊ ಅವರ ವಿಳಾಸ ಸಿಕ್ಕಿತು. ಹಸ್ತಪ್ರತಿ ನೋಡಿದ ಎರಡನೇ ಪ್ರಕಾಶಕರೇ ಅದನ್ನು ಕೊಂಡರು.

ಅಂದಿನ ಕಪಾಟಿನಲ್ಲಿ ಏನಿತ್ತು?

ಹಿಂಟನ್‌ಗಿಂತ ಮೊದಲು ಹದಿಹರೆಯದವರ ಬಗ್ಗೆ ಯಾರೂ ಬರೆದಿರಲಿಲ್ಲ ಎನ್ನುವಂತಿಲ್ಲ. ಮೊರೀನ್ ಡೇಲಿಯ ‘ಸೆವೆಂಟೀನ್ತ್ ಸಮ್ಮರ್’ 1942ರಲ್ಲೇ ಬಂದಿತ್ತು. ಸ್ಯಾಲಿಂಜರನ ‘ದಿ ಕ್ಯಾಚರ್ ಇನ್ ದ ರೈ’ 1951ರದು, ಆದರೆ ಅದನ್ನು ಬರೆದದ್ದೂ ಮಾರಿದ್ದೂ ದೊಡ್ಡವರಿಗಾಗಿ. ಅಮೆರಿಕದ ಗ್ರಂಥಾಲಯ ಸಂಘ ಹದಿಹರೆಯದ ಓದುಗರಿಗೆಂದೇ ಪ್ರತ್ಯೇಕ ವಿಭಾಗ ತೆರೆದದ್ದು 1957ರಲ್ಲಿ. ವಿಭಾಗ ಇತ್ತು, ಅದರ ಕಪಾಟಿಗೆ ತಕ್ಕ ಪುಸ್ತಕಗಳಿರಲಿಲ್ಲ. ಹುಡುಗಿಯರಿಗೆ ಶಾಲೆಯ ನೃತ್ಯಕೂಟಕ್ಕೆ ಯಾವ ಹುಡುಗನ ಜತೆ ಹೋಗುವುದೆಂಬ ಚಿಂತೆಯ ಕಥೆಗಳು. ಹುಡುಗರಿಗೆ ಕುದುರೆ, ನಾಯಿ, ಫುಟ್‌ಬಾಲ್ ಪಂದ್ಯದ ಕಥೆಗಳು. ಕುಡಿದು ಬಂದು ಹೊಡೆಯುವ ಅಪ್ಪ, ಬಾಡಿಗೆ ಕಟ್ಟಲು ಓದು ಬಿಟ್ಟ ಅಣ್ಣ, ಜೈಲು ಕಂಡು ಬಂದ ಗೆಳೆಯ ಇವರಿಗೆಲ್ಲ ಅಲ್ಲಿ ಜಾಗವಿರಲಿಲ್ಲ.

ತಾನು ಓದಬೇಕೆಂದಿದ್ದ ಪುಸ್ತಕ ಎಲ್ಲೂ ಸಿಗದ್ದರಿಂದ ತಾನೇ ಬರೆದೆ ಎಂದು ಹಿಂಟನ್ ಹಲವು ಸಲ ಹೇಳಿದ್ದಾರೆ. ಕಾದಂಬರಿ ಬಂದ ವರ್ಷವೇ, 1967ರ ಆಗಸ್ಟಿನಲ್ಲಿ, ‘ನ್ಯೂಯಾರ್ಕ್ ಟೈಮ್ಸ್’ನ ಪುಸ್ತಕ ಪುರವಣಿಯಲ್ಲಿ ಅವರ ಲೇಖನವೊಂದು ಪ್ರಕಟವಾಯಿತು. ಹದಿಹರೆಯದವರಿಗೆಂದು ಬರೆಯುವ ದೊಡ್ಡವರು ತಮ್ಮ ಸುತ್ತಲಿನ ಹದಿಹರೆಯದವರನ್ನು ಕಣ್ಣೆತ್ತಿ ನೋಡುತ್ತಲೇ ಇಲ್ಲ ಎಂಬುದು ಅದರ ತಿರುಳು. ಹತ್ತೊಂಬತ್ತು ತುಂಬಿದ ಒಂದೇ ತಿಂಗಳಿಗೆ ಹೀಗೆ ದೊಡ್ಡವರ ಕಿವಿ ಹಿಂಡುವ ಧೈರ್ಯ ಮಾಡಿದ್ದರು.

ಪಾಳುಬಿದ್ದ ಚರ್ಚಿನಲ್ಲಿ ಇಬ್ಬರು ಹುಡುಗರು

‘ದಿ ಔಟ್‌ಸೈಡರ್ಸ್’ ಕಥೆಯನ್ನು ಹೇಳುವವನು ಹದಿನಾಲ್ಕು ವರ್ಷದ ಪೋನಿಬಾಯ್ ಕರ್ಟಿಸ್. ಅಪ್ಪ ಅಮ್ಮ ಕಾರು ಅಪಘಾತದಲ್ಲಿ ತೀರಿಹೋಗಿದ್ದಾರೆ. ಇಪ್ಪತ್ತರ ಹಿರಿಯಣ್ಣ ಡ್ಯಾರಿ ಓದು ಬಿಟ್ಟು ಮನೆಯ ಹೆಂಚು ಹೊದಿಸುವ ಕೆಲಸಕ್ಕೆ ಹೋಗಿ ಸಂಸಾರ ನಡೆಸುತ್ತಾನೆ. ನಡುವಿನವನು ಹದಿನಾರರ ಸೋಡಾಪಾಪ್, ಪೆಟ್ರೋಲ್ ಬಂಕಿನಲ್ಲಿ ಕೆಲಸ. ಏನಾದರೂ ರಂಪವಾದರೆ ತಮ್ಮಂದಿರನ್ನು ಸರ್ಕಾರದ ಅನಾಥಾಲಯಕ್ಕೆ ಸೇರಿಸಿಬಿಡುತ್ತಾರೆ ಎಂಬ ಭಯ ಮೂವರನ್ನೂ ಕಾಡುತ್ತಿರುತ್ತದೆ.

ಒಂದು ರಾತ್ರಿ ಅಣ್ಣನ ಕೈಲಿ ಏಟು ತಿಂದು ಪೋನಿಬಾಯ್ ಮನೆ ಬಿಟ್ಟು ಓಡುತ್ತಾನೆ. ಜತೆಗೆ ಗೆಳೆಯ ಜಾನಿ. ಕೆಲವು ತಿಂಗಳ ಹಿಂದೆ ಸೋಶ್ ಹುಡುಗರು ಹಣ್ಣುಗಾಯಿ ನೀರುಗಾಯಿ ಮಾಡಿದಂದಿನಿಂದ ಜಾನಿ ಜೇಬಿನಲ್ಲಿ ಚಾಕು ಇಲ್ಲದೆ ಹೊರಗೆ ಹೊರಡುವುದಿಲ್ಲ. ಪಾರ್ಕಿನಲ್ಲಿ ಅದೇ ಗುಂಪು ಮತ್ತೆ ಎದುರಾಗುತ್ತದೆ. ಕುಡಿದ ಅಮಲಿನಲ್ಲಿ ಅವರು ಪೋನಿಬಾಯ್‌ನ ತಲೆಯನ್ನು ಕಾರಂಜಿಯ ನೀರಿನಲ್ಲಿ ಅದುಮಿ ಹಿಡಿಯುತ್ತಾರೆ. ಅವನಿಗೆ ಎಚ್ಚರವಾಗುವಷ್ಟರಲ್ಲಿ ಬಾಬ್ ಎಂಬ ಹುಡುಗ ಸತ್ತು ಬಿದ್ದಿದ್ದಾನೆ. ಪಕ್ಕದಲ್ಲಿ ಚಾಕು ಹಿಡಿದು ಕುಳಿತ ಜಾನಿ.

ಇಬ್ಬರೂ ಗೂಡ್ಸ್ ರೈಲು ಹತ್ತಿ ಹಳ್ಳಿಗಾಡಿನ ಬೆಟ್ಟದ ಮೇಲಿನ ಪಾಳುಬಿದ್ದ ಚರ್ಚಿಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತಾರೆ. ಕಾದಂಬರಿಯ ಜೀವ ಇರುವುದು ಇಲ್ಲಿಯ ನಾಲ್ಕೈದು ದಿನಗಳಲ್ಲಿ. ಜಾನಿ ಅಂಗಡಿಗೆ ಹೋಗಿ ಬ್ರೆಡ್ಡು, ಮಾಂಸದ ತುಂಡು, ಇಸ್ಪೀಟು ಕಟ್ಟು, ಕೂದಲಿನ ಬಣ್ಣ ಬದಲಿಸಲು ಪೆರಾಕ್ಸೈಡ್ ತರುತ್ತಾನೆ. ಅವುಗಳ ನಡುವೆ ಒಂದು ಪುಸ್ತಕವೂ ಇದೆ: ‘ಗಾನ್ ವಿತ್ ದ ವಿಂಡ್’. ಗುರುತು ಸಿಗಬಾರದೆಂದು ಚಾಕುವಿನಿಂದಲೇ ಒಬ್ಬರ ಕೂದಲನ್ನೊಬ್ಬರು ಕತ್ತರಿಸುತ್ತಾರೆ. ಗ್ರೀಸರ್ ಹುಡುಗರಿಗೆ ಇರುವ ಒಂದೇ ಆಸ್ತಿ, ಒಂದೇ ಜಂಬ ಅವರ ಕೂದಲು. ಪೋನಿಬಾಯ್ ಅದಕ್ಕಾಗಿ ಅಳುತ್ತಾನೆ. ಕೊಲೆ ನಡೆದಿದೆ, ಪೊಲೀಸರು ಹುಡುಕುತ್ತಿದ್ದಾರೆ, ಹುಡುಗ ಅಳುವುದು ಮಾತ್ರ ಕೂದಲಿಗೆ! ದೊಡ್ಡವರು ಬರೆದಿದ್ದರೆ ಈ ಅಳುವನ್ನು ಒಂದೋ ಬಿಟ್ಟುಬಿಡುತ್ತಿದ್ದರು, ಇಲ್ಲವೇ ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದರು. ಹಿಂಟನ್ ಎರಡನ್ನೂ ಮಾಡಲಿಲ್ಲ. ಆ ವಯಸ್ಸಿಗೆ ಕೂದಲು ಎಷ್ಟು ದೊಡ್ಡ ವಿಷಯವೋ ಅಷ್ಟೇ ದೊಡ್ಡದಾಗಿ ಬರೆದರು.

ಅಲ್ಲೇ ಒಂದು ಮುಂಜಾವು ಪೋನಿಬಾಯ್ ರಾಬರ್ಟ್ ಫ್ರಾಸ್ಟನ ಎಂಟು ಸಾಲಿನ ಪುಟ್ಟ ಪದ್ಯವೊಂದನ್ನು ನೆನಪಿನಿಂದ ಹೇಳುತ್ತಾನೆ. ಓದಿನಲ್ಲಿ ಹಿಂದೆ ಬಿದ್ದ ಜಾನಿಗೆ ಅದು ನಾಟಿಬಿಡುತ್ತದೆ. ಬೀದಿಹುಡುಗರಿಗೆ ಪದ್ಯ ದಕ್ಕುವುದಿಲ್ಲ ಎಂಬ ನಂಬಿಕೆಯನ್ನು ಭಾಷಣವಿಲ್ಲದೆ ಮುರಿಯುವ ಸನ್ನಿವೇಶವಿದು. ಮುಂದೆ ಚರ್ಚಿಗೆ ಬೆಂಕಿ, ಒಳಗೆ ಸಿಕ್ಕಿಬಿದ್ದ ಚಿಕ್ಕ ಮಕ್ಕಳನ್ನು ಈ ಹುಡುಗರು ಕಾಪಾಡುವುದು, ಬೆನ್ನು ಮುರಿದ ಜಾನಿಯ ಸಾವು, ಆ ದುಃಖದಲ್ಲಿ ಅಂಗಡಿ ದೋಚಿ ಗುಂಡಿಲ್ಲದ ಪಿಸ್ತೂಲನ್ನು ಪೊಲೀಸರತ್ತ ಎತ್ತಿ ಪ್ರಾಣ ಬಿಡುವ ಅವರ ಗೆಳೆಯ ಡ್ಯಾಲಿ, ಹೀಗೆ ಒಂದರ ಹಿಂದೊಂದು. ಕೊನೆಗೆ ಪೋನಿಬಾಯ್ ಇಂಗ್ಲಿಷಿನಲ್ಲಿ ಫೇಲಾಗುವ ಹಂತಕ್ಕೆ ಬಂದಿರುತ್ತಾನೆ. ಒಂದು ಒಳ್ಳೆಯ ಪ್ರಬಂಧ ಬರೆದು ತಂದರೆ ಪಾಸು ಮಾಡುತ್ತೇನೆ ಎನ್ನುತ್ತಾರೆ ಮೇಷ್ಟರು. ಅವನು ಬರೆಯಲು ಕೂರುತ್ತಾನೆ. ನಾವು ಓದಿ ಮುಗಿಸಿದ ಪುಸ್ತಕವೇ ಆ ಪ್ರಬಂಧ. ‘ಡಿ’ ಗ್ರೇಡಿನ ಹುಡುಗಿ ಶಾಲೆಗೆ ಕೊಟ್ಟ ಉತ್ತರವೆಂದು ಇದನ್ನು ಓದಿಕೊಂಡರೆ ತಪ್ಪೇನಿಲ್ಲ.

ನಮ್ಮವರಿಗೆ ರಾಮಾಚಾರಿ ಗೊತ್ತು. ತ.ರಾ.ಸು. ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದ ಆ ಮುಂಗೋಪಿ ಹುಡುಗನೂ ಊರಿನ ಕಣ್ಣಿಗೆ ಪುಂಡನೇ. ಅವನ ಒಳಗಿನ ಒಳ್ಳೆಯತನ ಕಾಣುವುದು ಚಾಮಯ್ಯ ಮೇಷ್ಟರಿಗೆ. ನಾವೂ ಬಹುಮಟ್ಟಿಗೆ ಆ ಮೇಷ್ಟರ ಪಕ್ಕದಲ್ಲಿ ನಿಂತೇ ಅವನನ್ನು ನೋಡುತ್ತೇವೆ, ಮರುಗುತ್ತೇವೆ. ಹಿಂಟನ್ ಪುಸ್ತಕದಲ್ಲಿ ಚಾಮಯ್ಯ ಮೇಷ್ಟರೇ ಇಲ್ಲ. ಹುಡುಗರನ್ನು ಅರ್ಥಮಾಡಿಕೊಂಡು ಓದುಗನಿಗೆ ವಿವರಿಸುವ ಹಿರಿಯರು ಯಾರೂ ಇಲ್ಲ. ಹುಡುಗರೇ ಹೇಳುತ್ತಾರೆ, ಅವರಿಗೆ ತಿಳಿದಷ್ಟೇ ನಮಗೂ ತಿಳಿಯುತ್ತದೆ. ಹದಿಹರೆಯದ ಸಾಹಿತ್ಯ ಮುಂದೆ ಹಿಡಿದ ದಾರಿಯೂ ಇದೇ: ಉತ್ತಮ ಪುರುಷದ ನಿರೂಪಣೆ, ಪಕ್ಕಕ್ಕೆ ಸರಿದ ಹಿರಿಯರು, ಬೋಧನೆಯಿಲ್ಲದ ಕೊನೆ.

ಮಾರಾಟವಾಗದ ಪುಸ್ತಕ ಗೆದ್ದ ಬಗೆ

ಪುಸ್ತಕ ಬಂದೊಡನೆ ಜನ ಮುಗಿಬಿದ್ದು ಕೊಂಡರು ಎಂದುಕೊಂಡರೆ ಅದು ತಪ್ಪು. ದೊಡ್ಡವರ ಅಗ್ಗದ ಪೇಪರ್‌ಬ್ಯಾಕುಗಳ ನಡುವೆ ಇಟ್ಟಾಗ ಅದನ್ನು ಕೇಳುವವರೇ ಇರಲಿಲ್ಲ. ಆದರೆ ಪ್ರಕಾಶಕರು ಒಂದು ವಿಚಿತ್ರ ಗಮನಿಸಿದರು: ಕೆಲವು ಊರುಗಳಲ್ಲಿ ಮಾತ್ರ ಪ್ರತಿಗಳು ಕಟ್ಟುಗಟ್ಟಲೆ ಖರ್ಚಾಗುತ್ತಿದ್ದವು. ವಿಚಾರಿಸಿದರೆ ಅಲ್ಲಿಯ ಮೇಷ್ಟರುಗಳು ತರಗತಿಯಲ್ಲಿ ಓದಿಸಲು ತರಿಸಿಕೊಳ್ಳುತ್ತಿದ್ದರು. ಪುಸ್ತಕ ಮುಟ್ಟದ ಹುಡುಗರೂ ಇದನ್ನು ಕೆಳಗಿಡದೆ ಓದುತ್ತಾರೆ ಎಂಬ ಸುದ್ದಿ ಒಬ್ಬ ಮೇಷ್ಟರಿಂದ ಇನ್ನೊಬ್ಬರಿಗೆ, ಒಂದು ಗ್ರಂಥಾಲಯದಿಂದ ಇನ್ನೊಂದಕ್ಕೆ ಹಬ್ಬಿತು. ಹದಿಹರೆಯದವರು ಒಂದು ಮಾರುಕಟ್ಟೆ ಎಂಬುದು ಪ್ರಕಾಶಕರಿಗೆ ಹೊಳೆದದ್ದು ಹೀಗೆ. ಇವತ್ತಿಗೆ ಮಾರಾಟ ಒಂದೂವರೆ ಕೋಟಿ ಪ್ರತಿ ದಾಟಿದೆ.

ಕಾದಂಬರಿ ಬಂದ ಮರುವರ್ಷವೇ, 1968ರಲ್ಲಿ, ಪಾಲ್ ಜಿಂಡೆಲ್‌ನ ‘ದಿ ಪಿಗ್‌ಮನ್’ ಬಂತು. 1974ರಲ್ಲಿ ರಾಬರ್ಟ್ ಕಾರ್ಮಿಯರ್‌ನ ‘ದಿ ಚಾಕೊಲೇಟ್ ವಾರ್’, 1975ರಲ್ಲಿ ಜೂಡಿ ಬ್ಲೂಮ್‌ರ ‘ಫಾರೆವರ್’. ಒಬ್ಬೊಬ್ಬರದೂ ಒಂದೊಂದು ಬಗೆಯ ಬರವಣಿಗೆ. ಆದರೆ ಹದಿಹರೆಯದ ಓದುಗ ಕಹಿಯನ್ನೂ ಅರಗಿಸಿಕೊಳ್ಳಬಲ್ಲ ಎಂಬ ನಂಬಿಕೆ ಎಲ್ಲರಿಗೂ ಸಮಾನ.

ವಿರೋಧವೂ ಜತೆಗೇ ಬಂತು. ಹೊಡೆದಾಟ, ಸಿಗರೇಟು, ಕುಡಿತ, ಒಡೆದ ಸಂಸಾರ ಇವೆಲ್ಲ ಮಕ್ಕಳ ಕೈಗೆ ಯಾಕೆ ಎಂದು ಕೆಲವು ಪೋಷಕರು, ಶಾಲಾ ಮಂಡಳಿಗಳು ತಕರಾರು ತೆಗೆದವು. 1990ರ ದಶಕದಲ್ಲಿ ಅತಿಹೆಚ್ಚು ಆಕ್ಷೇಪಣೆ ಎದುರಿಸಿದ ನೂರು ಪುಸ್ತಕಗಳ ಪಟ್ಟಿಯಲ್ಲಿ ಗ್ರಂಥಾಲಯ ಸಂಘ ಇದನ್ನೂ ಸೇರಿಸಿತ್ತು. ತಮಾಷೆಯೆಂದರೆ, ದೊಡ್ಡವರಿಗೆ ಅಂಜಿಕೆ ಹುಟ್ಟಿಸಿದ ಈ ಪುಸ್ತಕದಲ್ಲಿ ಹೊಡೆದಾಟ ಒಳ್ಳೆಯದೆಂದು ಹೇಳುವ ಒಂದು ಸಾಲೂ ಇಲ್ಲ. ಕೊನೆಯ ಬೀದಿಕಾಳಗವನ್ನು ಗ್ರೀಸರ್‌ಗಳು ಗೆಲ್ಲುತ್ತಾರೆ. ಗೆದ್ದು ಅವರಿಗೆ ಸಿಗುವುದು ಏನೂ ಇಲ್ಲ ಎಂಬುದೇ ಕಥೆ.

ದಿನಕ್ಕೆ ಎರಡು ಪುಟ

ಹದಿನೆಂಟಕ್ಕೇ ಹೆಸರು ಬಂದರೆ ಆಮೇಲೇನು? ಹಿಂಟನ್‌ಗೆ ಬರೆಯುವುದೇ ನಿಂತುಹೋಯಿತು. ಟಲ್ಸಾ ವಿಶ್ವವಿದ್ಯಾಲಯಕ್ಕೆ ಸೇರಿ ದೊಡ್ಡ ಲೇಖಕರನ್ನು ಓದುತ್ತಾ ಹೋದಂತೆ ತನ್ನ ಪುಸ್ತಕದ ತಪ್ಪುಗಳೇ ಕಣ್ಣಿಗೆ ಹೊಡೆಯತೊಡಗಿದವು. ಹದಿನೈದರಲ್ಲಿ ಯಾರು ಓದುತ್ತಾರೆಂಬ ಯೋಚನೆಯಿಲ್ಲದೆ ಬರೆದವರಿಗೆ ಈಗ ಪ್ರತಿ ವಾಕ್ಯದ ಹಿಂದೆಯೂ ಲಕ್ಷಾಂತರ ಕಣ್ಣುಗಳು. ವರ್ಷಗಳು ಉರುಳಿದವು.

ಆಗ ನೆರವಿಗೆ ಬಂದವರು ಗೆಳೆಯ ಡೇವಿಡ್ ಇನ್‌ಹಾಫ್. ದಿನಕ್ಕೆ ಎರಡೇ ಪುಟ, ಅದಕ್ಕಿಂತ ಹೆಚ್ಚು ಬೇಡ; ಆ ಎರಡು ಪುಟ ಆಗದಿದ್ದರೆ ಸಂಜೆ ಹೊರಗೆ ಸುತ್ತಾಟವೂ ಇಲ್ಲ ಎಂಬ ಕಟ್ಟಳೆ ಹಾಕಿದರು. ಹಿಂಟನ್ ಪ್ರತಿ ವಾಕ್ಯವನ್ನೂ ತೂಗಿ ಬರೆದರು. ಎರಡೆರಡು ಪುಟ ಸೇರಿ ಕಾದಂಬರಿಯಾಯಿತು. 1970ರಲ್ಲಿ ಇಬ್ಬರ ಮದುವೆ; 1971ರಲ್ಲಿ ‘ದಟ್ ವಾಸ್ ದೆನ್, ದಿಸ್ ಈಸ್ ನೌ’ ಪ್ರಕಟಣೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಂತೆ ಬೆಳೆದ ಬ್ರಯಾನ್ ಮತ್ತು ಮಾರ್ಕ್ ಎಂಬ ಹುಡುಗರ ಕಥೆ ಅದು. ಮಾರ್ಕ್ ಮಾದಕ ವಸ್ತು ಮಾರುತ್ತಿದ್ದಾನೆಂದು ತಿಳಿದಾಗ ಬ್ರಯಾನ್ ಅವನನ್ನು ಪೊಲೀಸರಿಗೆ ಹಿಡಿದುಕೊಡುತ್ತಾನೆ. ಮಾಡಿದ್ದು ಸರಿಯೋ ತಪ್ಪೋ ಎಂದು ಪುಸ್ತಕ ಮುಗಿದರೂ ಅವನಿಗೇ ಗೊತ್ತಾಗುವುದಿಲ್ಲ. ಮೊದಲ ಕಾದಂಬರಿಯ ಭಾವುಕತೆ ಇಲ್ಲಿ ಇಳಿದಿದೆ, ಬರವಣಿಗೆ ಬಿಗಿಯಾಗಿದೆ. ಜನ ಮೊದಲನೆಯದನ್ನೇ ಹೆಚ್ಚು ಪ್ರೀತಿಸಿದರು.

1975ರ ‘ರಂಬಲ್ ಫಿಶ್’ ಇನ್ನೂ ಮುಂದಕ್ಕೆ ಹೋಯಿತು. ಬೈಕಿನ ಪಕ್ಕ ನಿಂತ ಹುಡುಗನೊಬ್ಬನ ಚಿತ್ರವನ್ನು ಹಿಂಟನ್ ಪತ್ರಿಕೆಯೊಂದರಿಂದ ಕತ್ತರಿಸಿ ಇಟ್ಟುಕೊಂಡಿದ್ದರು. ಆ ಚಿತ್ರದ ಹುಡುಗನೇ ಕಾದಂಬರಿಯ ಅಣ್ಣನಾದ. ಅಣ್ಣನನ್ನು ದೇವರೆಂದು ನಂಬಿದ, ಬುದ್ಧಿ ಸ್ವಲ್ಪ ಮಂದವಾದ ರಸ್ಟಿ ಜೇಮ್ಸ್‌ನ ಬಾಯಲ್ಲಿ ಆ ಕಥೆ ಬಂತು. ಕಥೆ ಹೇಳುವವನಿಗೆ ಅರ್ಥವಾಗದ್ದು ಓದುಗನಿಗೆ ಅರ್ಥವಾಗಬೇಕು. ಅಂಥ ಬರವಣಿಗೆ ನುರಿತವರಿಗೂ ಕಷ್ಟ. 1979ರಲ್ಲಿ ‘ಟೆಕ್ಸ್’, ಹಳ್ಳಿಗಾಡಿನ ಇಬ್ಬರು ಅಣ್ಣತಮ್ಮಂದಿರು ಮತ್ತು ಮಾರಬೇಕಾಗಿ ಬಂದ ಕುದುರೆಗಳ ಕಥೆ. ನನ್ನ ಎಣಿಕೆಯಲ್ಲಿ ಹಿಂಟನ್ ಬರೆದವುಗಳಲ್ಲಿ ಅತ್ಯಂತ ಪಕ್ವವಾದದ್ದು ಇದೇ. 1988ರ ‘ಟೇಮಿಂಗ್ ದ ಸ್ಟಾರ್ ರನ್ನರ್’ನಲ್ಲಿ ಶಾಲೆಯಲ್ಲಿರುವಾಗಲೇ ಕಾದಂಬರಿ ಬರೆದು ಪ್ರಕಾಶಕರಿಗೆ ಮಾರುವ ಪುಂಡ ಹುಡುಗನೇ ನಾಯಕ. ಯಾರ ಅನುಭವ ಎಂದು ಕೇಳಬೇಕಿಲ್ಲ. ಅಲ್ಲಿಗೆ ಇಪ್ಪತ್ತೊಂದು ವರ್ಷಗಳಲ್ಲಿ ಹದಿಹರೆಯದ ಕಾದಂಬರಿಗಳು ಐದು. ಆಮೇಲೆ ಚಿಕ್ಕ ಮಕ್ಕಳಿಗೆ ಎರಡು ಪುಸ್ತಕ, ದೊಡ್ಡವರಿಗೆ 2004ರಲ್ಲಿ ‘ಹಾಕ್ಸ್ ಹಾರ್ಬರ್’, 2007ರಲ್ಲಿ ಕಥೆಗಳ ಒಂದು ಸಂಕಲನ.

ಒಂದು ಶಾಲೆಯ ಪತ್ರ

1980ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಬಳಿಯ ಲೋನ್ ಸ್ಟಾರ್ ಶಾಲೆಯ ಮಕ್ಕಳು ತಮ್ಮ ಗ್ರಂಥಪಾಲಕಿಯ ಜತೆ ಸೇರಿ ಒಂದು ಪತ್ರ ಕಳಿಸಿದರು. ‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ದಯವಿಟ್ಟು ಸಿನಿಮಾ ಮಾಡಿ ಎಂಬ ಕೋರಿಕೆ, ಕೆಳಗೆ ನೂರಕ್ಕೂ ಮಿಕ್ಕಿ ಮಕ್ಕಳ ಸಹಿ, ಜತೆಗೆ ಪುಸ್ತಕದ ಒಂದು ಪ್ರತಿ. ಪತ್ರ ಹೋದದ್ದು ‘ದಿ ಗಾಡ್‌ಫಾದರ್’ ಮಾಡಿದ ಫ್ರಾನ್ಸಿಸ್ ಫೋರ್ಡ್ ಕೊಪೊಲ ಅವರಿಗೆ! ಅವರ ನಿರ್ಮಾಪಕ ಫ್ರೆಡ್ ರೂಸ್ ಒಲ್ಲದ ಮನಸ್ಸಿನಿಂದಲೇ ಪುಸ್ತಕ ತೆರೆದರು, ಮುಗಿಸಿದ ಮೇಲೆಯೇ ಕೆಳಗಿಟ್ಟರು.

ಚಿತ್ರೀಕರಣ 1982ರಲ್ಲಿ ಟಲ್ಸಾದಲ್ಲೇ ನಡೆಯಿತು. ಟಾಮ್ ಕ್ರೂಸ್, ಪ್ಯಾಟ್ರಿಕ್ ಸ್ವೇಜಿ, ಮ್ಯಾಟ್ ಡಿಲನ್, ಡಯೇನ್ ಲೇನ್, ರಾಬ್ ಲೋ, ರಾಲ್ಫ್ ಮಾಕ್ಕಿಯೊ, ಎಮಿಲಿಯೊ ಎಸ್ಟೆವೆಜ್ ಎಲ್ಲರೂ ಅದರಲ್ಲಿದ್ದರು, ಹೆಚ್ಚಿನವರು ಇನ್ನೂ ಹೆಸರು ಮಾಡಿರಲಿಲ್ಲ. ಪಂಗಡಗಳ ನಡುವಿನ ಕಿಚ್ಚು ನಟರಲ್ಲೂ ಹುಟ್ಟಲೆಂದು ಕೊಪೊಲ ಸೋಶ್ ಪಾತ್ರಧಾರಿಗಳಿಗೆ ಒಳ್ಳೆಯ ಕೋಣೆ, ಚರ್ಮದ ಹೊದಿಕೆಯ ಚಿತ್ರಕಥೆ ಕೊಟ್ಟರು. ಗ್ರೀಸರ್‌ಗಳಿಗೆ ಸಿಕ್ಕಿದ್ದು ಸಾಧಾರಣದ್ದು. ಹಿಂಟನ್ ದಿನವೂ ಸೆಟ್ಟಿನಲ್ಲಿರುತ್ತಿದ್ದರು, ನರ್ಸ್ ಆಗಿ ಒಂದು ಸಣ್ಣ ಪಾತ್ರವನ್ನೂ ಮಾಡಿದರು. ರಜೆಯ ದಿನಗಳಲ್ಲಿ ಕೊಪೊಲ ಜತೆ ಕೂತು ‘ರಂಬಲ್ ಫಿಶ್’ ಚಿತ್ರಕಥೆ ಬರೆದರು. ಎರಡೂ ಚಿತ್ರಗಳು 1983ರಲ್ಲಿ ತೆರೆಕಂಡವು. ‘ದಿ ಔಟ್‌ಸೈಡರ್ಸ್’ ಚಿತ್ರದ ಕೊನೆಯಲ್ಲಿ ಆ ಶಾಲೆಯ ಮಕ್ಕಳಿಗೂ ಗ್ರಂಥಪಾಲಕಿಗೂ ಅರ್ಪಣೆಯ ಸಾಲಿದೆ.

ಮಕ್ಕಳು ಅಲ್ಲಿಗೂ ಬಿಡಲಿಲ್ಲ. ಪುಸ್ತಕದಲ್ಲಿರುವ ಇಂಥಿಂಥ ಸನ್ನಿವೇಶ ಚಿತ್ರದಲ್ಲಿ ಯಾಕಿಲ್ಲ ಎಂದು ವರ್ಷವರ್ಷವೂ ಕೊಪೊಲಗೆ ಪತ್ರಗಳು ಬರುತ್ತಲೇ ಇದ್ದವು. 2005ರಲ್ಲಿ ಅವರು ಸುಮಾರು 22 ನಿಮಿಷಗಳಷ್ಟು ದೃಶ್ಯಗಳನ್ನು ಮರಳಿ ಸೇರಿಸಿ ಚಿತ್ರವನ್ನು ಹೊಸದಾಗಿ ಬಿಡುಗಡೆ ಮಾಡಿದರು.

ಕೊರತೆಗಳ ಲೆಕ್ಕ

ಮೆಚ್ಚಿ ಬರೆಯುವಾಗಲೂ ಕೆಲವು ಮಾತು ಹೇಳಬೇಕು. ‘ದಿ ಔಟ್‌ಸೈಡರ್ಸ್’ನಲ್ಲಿ ಕಣ್ಣೀರು ಹೆಚ್ಚು, ಆಕಸ್ಮಿಕಗಳು ಹೆಚ್ಚು. ಮಾತಿನ ಧಾಟಿ ಎಷ್ಟೋ ಕಡೆ ಸಿನಿಮೀಯ. ಇದು ಹಿಂಟನ್‌ಗೂ ಗೊತ್ತು. ಆ ವಯಸ್ಸಿನ ಉಕ್ಕುವ ಭಾವ ಆ ವಯಸ್ಸಿನಲ್ಲಿ ಮಾತ್ರ ಬರೆಯಲು ಸಾಧ್ಯ, ಈಗ ಕೂತರೆ ಆ ಪುಸ್ತಕ ಬರೆಯಲಾರೆ ಎಂದು ಅವರೇ ಹೇಳಿದ್ದಾರೆ. ಹುಡುಗಿಯರು ಕಥೆಯ ಅಂಚಿನಲ್ಲೇ ಉಳಿಯುತ್ತಾರೆ. ಹೆಣ್ಣಿನ ಕೈಯಲ್ಲಿ ಹುಟ್ಟಿದ ಐದೂ ಕಾದಂಬರಿಗಳ ಕೇಂದ್ರದಲ್ಲಿ ಇರುವವರು ಹುಡುಗರೇ.

ಇನ್ನೊಂದು ಮೌನ ದೊಡ್ಡದು. ಇದೇ ಟಲ್ಸಾದಲ್ಲಿ 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಕರಿಯರ ಬಡಾವಣೆಗೆ ನುಗ್ಗಿ ಮೂವತ್ತೈದು ಬ್ಲಾಕುಗಳ ಹರವಿನಷ್ಟು ಜಾಗವನ್ನು ಸುಟ್ಟು ಬೂದಿ ಮಾಡಿತ್ತು. ಊರು ಆ ನೆನಪನ್ನು ದಶಕಗಳ ಕಾಲ ಬಾಯಿಬಿಡದೆ ಮುಚ್ಚಿಟ್ಟಿತು. ಹಿಂಟನ್ ಬೆಳೆದ ಕಾಲದಲ್ಲೂ ಬಿಳಿಯರ ಮತ್ತು ಕರಿಯರ ಬದುಕು ಬೇರೆಬೇರೆಯೇ. ಕಾದಂಬರಿ ಊರಿನ ಹೆಸರು ಹೇಳುವುದಿಲ್ಲ. ಅದರ ‘ಹೊರಗಿನವರು’ ಬಡವರು, ಆದರೆ ಬಿಳಿಯರು. ವರ್ಗದ ಗೋಡೆಯನ್ನು ಅಷ್ಟು ಹತ್ತಿರದಿಂದ ಕಂಡ ಕಣ್ಣಿಗೆ ವರ್ಣದ ಗೋಡೆ ಬೀಳಲಿಲ್ಲ. ಆ ಕೆಲಸ ವಾಲ್ಟರ್ ಡೀನ್ ಮೈಯರ್ಸ್‌ರಂಥ ಬೇರೆ ಲೇಖಕರ ಪಾಲಿಗೆ ಬಂತು. ಮೈಯರ್ಸ್ ಅವರ ‘ಮಾನ್‌ಸ್ಟರ್’ ಕಾದಂಬರಿ 2000ದಲ್ಲಿ, ಹದಿಹರೆಯದ ಸಾಹಿತ್ಯಕ್ಕೆಂದೇ ಮೀಸಲಾದ ಮೈಕೆಲ್ ಪ್ರಿಂಟ್ಸ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಪಡೆಯಿತು.

ಮನ್ನಣೆ, ಮತ್ತು ನಮ್ಮ ಕಪಾಟು

ಹದಿಹರೆಯದವರಿಗಾಗಿ ಬರೆದವರ ಜೀವಮಾನ ಸಾಧನೆಗೆಂದು ಅಮೆರಿಕದ ಗ್ರಂಥಪಾಲಕರು ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿಯನ್ನು ಆರಂಭಿಸಿದಾಗ, 1988ರಲ್ಲಿ, ಅದನ್ನು ಮೊದಲು ಪಡೆದವರು ಹಿಂಟನ್. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ! ಸಿನಿಮಾದಲ್ಲಿ ಕರ್ಟಿಸ್ ಸೋದರರ ಮನೆಯಾಗಿ ಕಾಣಿಸಿಕೊಂಡ ಟಲ್ಸಾದ ಹಳೆಯ ಮನೆ ಈಗ ವಸ್ತುಸಂಗ್ರಹಾಲಯ. 2024ರಲ್ಲಿ ಕಾದಂಬರಿ ಸಂಗೀತ ನಾಟಕವಾಗಿ ಬ್ರಾಡ್‌ವೇ ರಂಗಮಂದಿರ ಏರಿ, ಆ ವರ್ಷದ ಅತ್ಯುತ್ತಮ ಸಂಗೀತ ನಾಟಕಕ್ಕೆ ಟೋನಿ ಪ್ರಶಸ್ತಿ ಪಡೆಯಿತು. ಹಿಂಟನ್ ಇವತ್ತಿಗೂ ಇರುವುದು ಟಲ್ಸಾದಲ್ಲೇ.

ಹಿಂಟನ್ ಕಥೆಯನ್ನು ಕನ್ನಡದಲ್ಲಿ ಓದುವಾಗ ನಮ್ಮ ಮನೆಯ ಕಡೆಗೂ ಕಣ್ಣು ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಕಾರಂತರ ‘ಬಾಲಪ್ರಪಂಚ’ದಿಂದ ಹಿಡಿದು ಚಂದಮಾಮ, ಬಾಲಮಂಗಳದವರೆಗೆ ಎಷ್ಟೋ ಬಂದಿವೆ. ಆಮೇಲೆ ಮಕ್ಕಳು ಒಮ್ಮೆಲೇ ಹಾರಿ ದೊಡ್ಡವರ ಪುಸ್ತಕಗಳಿಗೆ ಬರಬೇಕು. ಹೈಸ್ಕೂಲು, ಪಿಯುಸಿ ಮಕ್ಕಳ ಕೈಗೆ ಯಾವ ಪುಸ್ತಕ ಕೊಡಲಿ ಎಂದು ಯಾರಾದರೂ ಕೇಳಿದರೆ ನಾವು ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಹೆಸರು ಹೇಳಿ ಸುಮ್ಮನಾಗುತ್ತೇವೆ. ಒಳ್ಳೆಯ ಪುಸ್ತಕಗಳೇ, ಸಂದೇಹವಿಲ್ಲ. ಆದರೆ ಹತ್ತನೇ ಕ್ಲಾಸಿನಲ್ಲಿ ಫೇಲಾದ ಹುಡುಗ, ಅಪ್ಪನ ಕುಡಿತ ಕಂಡು ಬೆಳೆದ ಹುಡುಗಿ, ಜಾತಿಯ ಕಾರಣಕ್ಕೆ ಗೆಳೆಯನ ಮನೆಯ ಜಗಲಿಯಲ್ಲೇ ನಿಂತ ಬಾಲಕ ತಮ್ಮ ಕಥೆಯನ್ನು ತಮ್ಮದೇ ಮಾತಿನಲ್ಲಿ ಓದುವಂಥ ಕಾದಂಬರಿಗಳನ್ನು ಹುಡುಕಬೇಕಾಗಿದೆ.

ಅಂಥ ಪುಸ್ತಕ ಬರೆಯುವವರು ಬಂದೇ ಬರುತ್ತಾರೆ. ಬಹುಶಃ ಈಗಲೇ ಯಾವುದೋ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಲೂ ಇರಬಹುದು. ಅವರ ಬರಹ ಓದುಗರ ಕೈಸೇರಲು ನಡುವೆ ನಿಂತು ಕೆಲಸ ಮಾಡುವವರು ಬೇಕು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಂಥಾಲಯಗಳಿವೆ, ಅವಕ್ಕೆ ‘ಅರಿವು ಕೇಂದ್ರ’ ಎಂಬ ಒಳ್ಳೆಯ ಹೆಸರೂ ಇದೆ, ಮಕ್ಕಳನ್ನು ಅಲ್ಲಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮವೂ ಇದೆ. ಮಕ್ಕಳ ವಿಭಾಗದ ಪಕ್ಕದಲ್ಲೇ ಹದಿಹರೆಯದವರಿಗೆ ಒಂದು ಕಪಾಟು ಮೀಸಲಿಡಲು ಹೆಚ್ಚಿನ ಖರ್ಚೇನೂ ಇಲ್ಲ. ಪ್ರಕಾಶಕರು ಆ ವಯಸ್ಸಿಗೆಂದೇ ವರ್ಷಕ್ಕೆ ನಾಲ್ಕಾರು ಪುಸ್ತಕ ತರಲಿ. ಮೇಷ್ಟರು ಅವುಗಳಲ್ಲಿ ಒಂದನ್ನಾದರೂ ಪರೀಕ್ಷೆಯ ಹಂಗಿಲ್ಲದೆ ತರಗತಿಯಲ್ಲಿ ಗಟ್ಟಿಯಾಗಿ ಓದಲಿ. ಯಾವ ಪುಸ್ತಕ ಉಳಿಯಬೇಕು, ಯಾವುದು ಬೇಡ ಎಂಬುದನ್ನು ಮಕ್ಕಳೇ ತೀರ್ಮಾನಿಸುತ್ತಾರೆ.